ಹಚ್ಚೆ ಈಗ ಎಲ್ಲರದೂ ಆಯಿತು, ನನಗೇಕೆ ಹೊಟ್ಟೆಯುರಿ?

ಕವಲುಬಾಲ:
ಹೋದ ವಾರ ಆಫೀಸಿನಲ್ಲಿ ಮೀಟಿಂಗ್. ಎಚ್‌ಆರ್ ಮ್ಯಾನೇಜರ್ ಹೊಸಬರು. ಅಂಗಿ ತೋಳು ಮಡಚಿ ಕೂತರು. ಮಣಿಕಟ್ಟಿನಿಂದ ಮೊಣಕೈವರೆಗೆ ಬಣ್ಣಬಣ್ಣದ ಹಚ್ಚೆ. ನನ್ನ ಕೈ ನೋಡಿದವರೇ "ಅರೆ, ಓಲ್ಡ್ ಸ್ಕೂಲ್! ಯಾವ ಸ್ಟುಡಿಯೋ?" ಅಂದರು.

ಸ್ಟುಡಿಯೋ ಅಂತೆ! ಅದೊಂದು ಕೋಣೆ. ಒಂದು ಬಲ್ಬು, ಒಂದು ಮಡಚುವ ಕುರ್ಚಿ. ಹಾಕಿದವನು ಬಾಯಲ್ಲಿ ಸಿಗರೇಟು ಇಟ್ಟುಕೊಂಡೇ ಚುಚ್ಚಿದ. ಎಡ ಮಣಿಕಟ್ಟಿನ ಮೇಲೆ ಒಂದು ಅಂಬರಗುಬ್ಬಿ, ಕವಲು ಬಾಲದ ಹಕ್ಕಿ.

ಇದಾಗಿ 22 ವರ್ಷ. ಮೊದಲ ಕೆಲಸದ ಇಂಟರ್‌ವ್ಯೂ ಚೆನ್ನಾಗೇ ನಡೆದಿತ್ತು. ಕೊನೆಯಲ್ಲಿ ಫಾರಂ ತಗೊಳ್ಳಲು ಕೈ ಚಾಚಿದೆ, ತೋಳು ಮೇಲೆ ಸರಿಯಿತು. ಎದುರಿಗಿದ್ದವರು ಮೊದಲು ಹಕ್ಕಿ ನೋಡಿದರು, ಆಮೇಲೆ ನನ್ನ ಮುಖ. ಕರೆ ಬರಲೇ ಇಲ್ಲ. ಅದಾದ ಮೇಲೆ ಆರು ವರ್ಷ, ಸುಡು ಬಿಸಿಲಲ್ಲೂ ತುಂಬುತೋಳು. ದೊಡ್ಡ ಡಯಲಿನ ವಾಚು ಹುಡುಕಿ ಕಟ್ಟುತ್ತಿದ್ದೆ, ಹಕ್ಕಿ ಮುಚ್ಚಲಿ ಅಂತ.

ಈಗ ವಿಮೆ ಜಾಹೀರಾತಿನಲ್ಲೂ ಹಚ್ಚೆ ಇರುವ ಅಪ್ಪ ಮಗುವನ್ನು ಎತ್ತಿಕೊಂಡು ನಗುತ್ತಾನೆ. ಜನ ಬದಲಾದರು, ಒಳ್ಳೆಯದೇ. ಆದರೆ ಒಳಗೊಳಗೇ ಏನೋ ಕಿರಿಕಿರಿ. ಹಡಗಿನವರು, ಜೈಲಿನವರು, ಸರ್ಕಸ್‌ನವರು, ಬೈಕ್ ಗ್ಯಾಂಗಿನವರು, ಇವರ ಕೈಯಲ್ಲಿದ್ದದ್ದನ್ನು ಮಾರುಕಟ್ಟೆ ಎತ್ತಿಕೊಂಡು ಹೋಯಿತಾ? ಇಲ್ಲಾ ನನಗೆ ಸುಮ್ನೆ ಹೊಟ್ಟೆಯುರಿಯಾ?

ಒಂದೇಸಾಲು:
ಹೊಟ್ಟೆಯುರಿ.

ಗೊಣಗಾಟ:
ಹೊಟ್ಟೆಯುರಿ ಅಲ್ಲ ಸ್ವಾಮಿ, ನ್ಯಾಯವಾದ ಸಿಟ್ಟು. ಮೊದಲು ಹಚ್ಚೆ ಹಾಕಿಸಿಕೊಳ್ಳಲು ಎದೆ ಗಟ್ಟಿ ಇರಬೇಕಿತ್ತು. ಈಗ ಮೊಬೈಲಿನಲ್ಲಿ ಚಿತ್ರ ಹುಡುಕು, ಸ್ಕ್ರೀನ್‌ಶಾಟ್ ತೋರಿಸು, ಮಧ್ಯಾಹ್ನದೊಳಗೆ ಮುಗಿಸು, ಸಂಜೆ ಸ್ಟೋರಿ ಹಾಕು. ಅದೇ ಗರಿ, ಗರಿಯ ತುದಿಯಿಂದ ಹಾರುವ ಅದೇ ಹಕ್ಕಿಗಳು, ಅದೇ ಅನಂತದ ಚಿಹ್ನೆ. ಬಂಡಾಯವನ್ನು ಪ್ಯಾಕೆಟ್ ಮಾಡಿ ಮಾರುತ್ತಿದ್ದಾರೆ.

ತಲೆಹರಟೆ:
@ಗೊಣಗಾಟ ಗರಿಯಿಂದ ಹಾರುವ ಹಕ್ಕಿಗಳು ನನ್ನ ಬೆನ್ನ ಮೇಲಿವೆ. ಏಳು ಹಕ್ಕಿ. ಅವುಗಳ ಪರವಾಗಿ ನಮಸ್ಕಾರ.

ಮಸಿಕುಡಿಕೆ:
ಸ್ವಲ್ಪ ತಡೆಯಿರಿ. "ಮೊದಲು ಬಂಡಾಯ, ಆಮೇಲೆ ವ್ಯಾಪಾರ" ಅನ್ನುವ ಕತೆಯೇ ನನಗೆ ಅನುಮಾನ. ಹಚ್ಚೆ ಅಂಗಡಿ ಹುಟ್ಟಿದಾಗಲೇ ವ್ಯಾಪಾರವಾಗಿತ್ತು.

ಅಂಗಡಿ ಗೋಡೆ ಮೇಲೆ ಸಾಲಾಗಿ ಅಂಟಿಸಿದ ಸಿದ್ಧ ಚಿತ್ರಗಳ ಹಾಳೆ ಇರುತ್ತದಲ್ಲ, ಫ್ಲ್ಯಾಶ್ ಅನ್ನುತ್ತಾರೆ. ಹದ್ದು, ಲಂಗರು, ಗುಲಾಬಿ, ಕಠಾರಿ ಚುಚ್ಚಿದ ಹೃದಯ. 20ನೇ ಶತಮಾನದ ಶುರುವಿನಲ್ಲಿ ನ್ಯೂಯಾರ್ಕಿನ ಬೌರಿ ಬೀದಿಯಲ್ಲಿ ಇಂಥ ಹಾಳೆಗಳನ್ನು ಬರೆದು ಬೇರೆ ಅಂಗಡಿಗಳಿಗೂ ಮಾರಿದವನು ಲ್ಯೂ ಆಲ್ಬರ್ಟ್ಸ್. ಅವನ ಹಳೆಯ ಕಸುಬು ಏನು ಗೊತ್ತಾ? ಗೋಡೆಗೆ ಅಂಟಿಸುವ ವಾಲ್‌ಪೇಪರ್ ವಿನ್ಯಾಸ! ಗೊಣಗಾಟ ಅವರೇ, ನೀವು ಹೇಳುವ ಸ್ಕ್ರೀನ್‌ಶಾಟ್ ಅಂದ್ರೆ ಅದೇ ಫ್ಲ್ಯಾಶ್ ಹಾಳೆ, ಜೇಬಿಗೆ ಬಂದಿದೆ ಅಷ್ಟೇ. ನಾವಿಕ ಬಂದ, ಗೋಡೆಗೆ ಬೆರಳು ತೋರಿಸಿದ, ಹಾಕಿಸಿಕೊಂಡ, ಹೋದ. ಅವನಿಗೂ ಹಡಗು ಹತ್ತುವ ಅವಸರ.

ಯಂತ್ರದ ಕತೆಯೂ ಹಾಗೇ. ದಾಖಲೆಗಳ ಪ್ರತಿ ತೆಗೆಯಲು ಎಡಿಸನ್ ಮಾಡಿದ ವಿದ್ಯುತ್ ಪೆನ್ನಿನ ತತ್ವವನ್ನೇ ಹಿಡಿದು ಸ್ಯಾಮ್ಯುಯೆಲ್ ಒ'ರೈಲಿ 1891ರಲ್ಲಿ ಹಚ್ಚೆ ಯಂತ್ರಕ್ಕೆ ಪೇಟೆಂಟ್ ತೆಗೆದುಕೊಂಡ. ಪೇಟೆಂಟ್ ತಗೊಳ್ಳುವವನು ಸಮಾಜದ ಹೊರಗೆ ಕೂತವನಾ? ಬೇಗ ಚುಚ್ಚಿದರೆ ಜಾಸ್ತಿ ಗಿರಾಕಿ, ಇಷ್ಟೇ ಲೆಕ್ಕ.

ಸರ್ಕಸ್ ವಿಷಯಕ್ಕೆ ಬನ್ನಿ. 1882ರಲ್ಲಿ ನೋರಾ ಹಿಲ್ಡಬ್ರಾಂಟ್ ಅನ್ನುವ ಹೆಂಗಸು ಮೈತುಂಬ ಹಚ್ಚೆ ತೋರಿಸುತ್ತಾ ಪ್ರದರ್ಶನಕ್ಕೆ ನಿಂತಳು. ಅಮೆರಿಕದ ಮೂಲನಿವಾಸಿಗಳು ಹಿಡಿದುಕೊಂಡು ಹೋಗಿ ಬಲವಂತವಾಗಿ ಚುಚ್ಚಿದರು ಅಂತ ಕತೆ. ನಿಜವಾಗಿ ಚುಚ್ಚಿದ್ದು ನ್ಯೂಯಾರ್ಕಿನ ಹಚ್ಚೆಗಾರ ಮಾರ್ಟಿನ್ ಹಿಲ್ಡಬ್ರಾಂಟ್. "ಹೊರಗಿನವಳು" ಅನ್ನುವುದೇ ಅಲ್ಲಿ ಟಿಕೆಟ್ ಮಾರುವ ಸರಕು.

ರಾಜರ ಮಾತು ಇನ್ನೊಂದು. ಮುಂದೆ 7ನೇ ಎಡ್ವರ್ಡ್ ಆದ ರಾಜಕುಮಾರ 1862ರಲ್ಲಿ ಜೆರುಸಲೇಮಿನಲ್ಲಿ ಶಿಲುಬೆ ಹಾಕಿಸಿಕೊಂಡ. ಅವನ ಮಗ, ಮುಂದಿನ 5ನೇ ಜಾರ್ಜ್, 1881ರಲ್ಲಿ ಜಪಾನಿನಲ್ಲಿ ತೋಳಿಗೆ ಡ್ರ್ಯಾಗನ್. ಆಮೇಲೆ ಲಂಡನ್ನಿನ ಜರ್ಮಿನ್ ಬೀದಿಯ ಟರ್ಕಿಶ್ ಸ್ನಾನಗೃಹದಲ್ಲೇ ಸದರ್ಲೆಂಡ್ ಮ್ಯಾಕ್‌ಡೊನಾಲ್ಡ್ ಅನ್ನುವವನು ಶ್ರೀಮಂತರಿಗೆ ಹಚ್ಚೆ ಹಾಕುತ್ತಿದ್ದ. ನಿಮ್ಮ ಎಚ್‌ಆರ್ ಮ್ಯಾನೇಜರ್ ಆ ಸಾಲಿನವರು. ಹೊಸಬರೇನಲ್ಲ.

ಕವಲುಬಾಲ:
@ಮಸಿಕುಡಿಕೆ ವಾಲ್‌ಪೇಪರ್ ವಿಷಯ ಓದಿ ನಗು ಬಂತು. ನನ್ನ ಹಕ್ಕಿಯೂ ಅಂಥ ಹಾಳೆಯದ್ದೇ. ಗೋಡೆ ಮೇಲೆ ಇದ್ದದ್ದು ನಾಲ್ಕೇ ಚಿತ್ರ. ಉಳಿದ ಮೂರು: ತಲೆಬುರುಡೆ, ಚೇಳು, ಯಾರದೋ ಹೆಂಡತಿಯ ಹೆಸರು.

ತಲೆಹರಟೆ:
ಯಾರದೋ ಹೆಂಡತಿಯ ಹೆಸರನ್ನು ಇನ್ಯಾರು ಹಾಕಿಸಿಕೊಳ್ಳುತ್ತಾರೆ?!

ಪದಕೋಶ:
ನಾವೆಲ್ಲ ಮಾತಿನಲ್ಲಿ ಒಂದು ಸಲ "ಹಚ್ಚೆ", ಇನ್ನೊಂದು ಸಲ "ಟ್ಯಾಟೂ" ಅನ್ನುವ ಮಂದಿ. ಗಮನಿಸಿದ್ದೀರಾ? ಹಳೆಯದಾದರೆ, ಬಡವರದ್ದಾದರೆ ಹಚ್ಚೆ. ಏಸಿ ಇದ್ದರೆ ಟ್ಯಾಟೂ. ಕವಲುಬಾಲ ಅವರ ಇಡೀ ಪ್ರಶ್ನೆ ಈ ಎರಡು ಪದದಲ್ಲೇ ಇದೆ.

ನಿದ್ದೆಗೇಡಿ:
ಹಚ್ಚುವುದರಿಂದ ಹಚ್ಚೆ, ಅಲ್ವಾ? ಬಣ್ಣ ಹಚ್ಚುವುದು.

ಪದಕೋಶ:
ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಪಚ್ಚೆ, ಅಂದರೆ ಹಸಿರು. ಹಳಗನ್ನಡದ "ಪ" ಆಮೇಲೆ "ಹ" ಆಯಿತಲ್ಲ, ಪಾಲು ಹಾಲಾದಂತೆ, ಪೂವು ಹೂವಾದಂತೆ. ಪಚ್ಚೆ ಹಚ್ಚೆಯಾಯಿತು. ಹಚ್ಚಹಸಿರು ಅನ್ನುವುದರಲ್ಲಿ ಇರುವುದೂ ಅದೇ. ತಮಿಳಿನಲ್ಲಿ ಈಗಲೂ ಪಚ್ಚೈ ಕುತ್ತುವುದು ಅನ್ನುತ್ತಾರೆ, ಹಸಿರು ಚುಚ್ಚುವುದು. ಟ್ಯಾಟೂ ಅನ್ನುವುದು ಪೆಸಿಫಿಕ್ ದ್ವೀಪ ಟಹೀಟಿಯ "ತತಾವು" ಪದದಿಂದ ಬಂದದ್ದು. 1769ರಲ್ಲಿ ಕ್ಯಾಪ್ಟನ್ ಕುಕ್ ಹಡಗು ಅಲ್ಲಿಗೆ ಹೋದಾಗ ಯುರೋಪಿನವರ ಬಾಯಿಗೆ ಬಿತ್ತು.

ಸೂಜಿದಾರ:
ಪಚ್ಚೆ ಮಾತು ನೂರಕ್ಕೆ ನೂರು ಸರಿ ಇರಬೇಕು. ಏಕೆಂದರೆ ನಾವು ಹಾಕುವುದು ಕಪ್ಪು ಮಸಿ, ಕಾಣುವುದು ನೀಲಿ-ಹಸಿರು. ಮಸಿ ಚರ್ಮದ ಮೇಲ್ಪದರದಲ್ಲಿ ಇರುವುದಿಲ್ಲ, ಅದರ ಕೆಳಗಿನ ಪದರದಲ್ಲಿ, ಒಂದೆರಡು ಮಿಲಿಮೀಟರ್ ಆಳದಲ್ಲಿ ಕೂರುತ್ತದೆ. ಮೇಲಿನ ಚರ್ಮ ಬೆಳಕನ್ನು ಚದುರಿಸುವುದರಿಂದ ಕಪ್ಪಿಗೆ ನೀಲಿ ಛಾಯೆ ಬರುತ್ತದೆ.

ನನ್ನ ಕಸುಬೇ ಇದು, 14 ವರ್ಷದಿಂದ. ಹಾಗಾಗಿ ಎರಡೂ ಕಡೆಗೆ ಬೈಯುವ ಹಕ್ಕು ನನಗಿದೆ ಅಂದುಕೊಳ್ಳುತ್ತೇನೆ.

ಮೊದಲು ಕವಲುಬಾಲ ಅವರಿಗೆ. ಸಿಗರೇಟು ಇಟ್ಟುಕೊಂಡು ಚುಚ್ಚಿದವನನ್ನು ದಯವಿಟ್ಟು ದೊಡ್ಡ ಮನುಷ್ಯ ಮಾಡಬೇಡಿ. ನೀವು ಬಚಾವಾದಿರಿ. ಒಂದೇ ಸೂಜಿ, ಒಂದೇ ಮಸಿ ಬಟ್ಟಲು, ಹತ್ತು ಜನ. ಹೆಪಟೈಟಿಸ್ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ. ನ್ಯೂಯಾರ್ಕ್ ನಗರ 1961ರಲ್ಲಿ ಹಚ್ಚೆಯನ್ನೇ ನಿಷೇಧಿಸಿತು, ಕಾರಣ ಹೆಪಟೈಟಿಸ್ ಬಿ ಅಂತ ಹೇಳಿತು. ತೆಗೆದದ್ದು 1997ರಲ್ಲಿ. ಅಷ್ಟೂ ವರ್ಷ ಹಚ್ಚೆಗಾರರು ಮನೆಯೊಳಗೆ, ಬಾಗಿಲು ಹಾಕಿಕೊಂಡು ಕೆಲಸ ಮಾಡಿದರು. ಇವತ್ತು ಪ್ರತಿ ಗಿರಾಕಿಗೂ ಹೊಸ ಕಾರ್ಟ್ರಿಜ್ ಸೂಜಿ, ಬಳಸಿ ಎಸೆಯುವುದು. ಉಳಿದ ಸ್ಟೀಲ್ ಸಾಮಾನು ಆಟೋಕ್ಲೇವಿನಲ್ಲಿ 121 ಡಿಗ್ರಿ ಹಬೆಗೆ. ಇದೆಲ್ಲ ಬಂದದ್ದು ಲೈಸೆನ್ಸಿನಿಂದ, ದುಡ್ಡಿರುವ ಗಿರಾಕಿಯಿಂದ. ವ್ಯಾಪಾರ ಕೊಟ್ಟದ್ದು.

ಈಗ ಇನ್ನೊಂದು ಕಡೆ. ನಾನು ಕಲಿತಾಗ ಮೊದಲ ಒಂದು ವರ್ಷ ಯಂತ್ರ ಮುಟ್ಟಲಿಲ್ಲ. ನೆಲ ಒರೆಸಿದೆ, ಟ್ಯೂಬ್ ಉಜ್ಜಿದೆ, ಸೂಜಿ ಕಟ್ಟಿದೆ. ಹೌದು, ಸೂಜಿ ಕಟ್ಟುವುದು. ಬಿಡಿ ಸೂಜಿಗಳನ್ನು ಅಚ್ಚಿನಲ್ಲಿ ಜೋಡಿಸಿ, ತುದಿ ಸಮ ಇದೆಯಾ ಅಂತ ಭೂತಗನ್ನಡಿಯಲ್ಲಿ ನೋಡಿ, ಕಡ್ಡಿಗೆ ಬೆಸುಗೆ ಹಾಕಬೇಕು. ಒಂದು ಸೂಜಿ ಕೂದಲೆಳೆಯಷ್ಟು ಮುಂದೆ ಬಂದರೂ ಚರ್ಮ ಗೀರುತ್ತದೆ. ದಿನಕ್ಕೆ ಇಪ್ಪತ್ತು ಕಟ್ಟುತ್ತಿದ್ದೆ, ಗುರುಗಳು ಹನ್ನೆರಡನ್ನು ಮುರಿದು ಬಿಸಾಕುತ್ತಿದ್ದರು. ಒಂದು ಮಾತು ಆಡುತ್ತಿರಲಿಲ್ಲ. ಮೊದಲು ಚುಚ್ಚಿದ್ದು ನನ್ನದೇ ತೊಡೆಗೆ. ಒಂದು ನಕ್ಷತ್ರ. ಐದು ಮೂಲೆಯಲ್ಲಿ ಎರಡು ಸೊಟ್ಟ. ಈಗಲೂ ಸ್ನಾನ ಮಾಡುವಾಗ ದಿನಾ ನನ್ನನ್ನು ನೋಡಿ ಅಣಕಿಸುತ್ತದೆ.

ಈಗಿನ ಹುಡುಗರು ಆನ್‌ಲೈನಿನಲ್ಲಿ ಕಿಟ್ ತರಿಸಿ, ಪ್ಲಾಸ್ಟಿಕ್ ಚರ್ಮದ ಮೇಲೆ ಒಂದು ತಿಂಗಳು ಗೀಚಿ, ಅಂಗಡಿ ತೆರೆಯುತ್ತಾರೆ. ಆಳ ಗೊತ್ತಿಲ್ಲ. ಸೂಜಿ ಆಳಕ್ಕೆ ಹೋದರೆ ಮಸಿ ಕೊಬ್ಬಿನ ಪದರಕ್ಕೆ ಇಳಿದು, ಒದ್ದೆ ಕಾಗದದ ಮೇಲೆ ಬರೆದಂತೆ ಹರಡುತ್ತದೆ. ತಿಂಗಳಿಗೆ ಮೂರ್ನಾಲ್ಕು ಜನ ಅದನ್ನು ಮುಚ್ಚಿಸಿಕೊಳ್ಳಲು ನನ್ನ ಹತ್ತಿರ ಬರುತ್ತಾರೆ. ವ್ಯಾಪಾರ ಕೆಡಿಸಿದ್ದು ಬಂಡಾಯವನ್ನಲ್ಲ, ಕಲಿಕೆಯನ್ನು. ನನ್ನ ದೂರು ಅಷ್ಟೇ.

ಗೊಣಗಾಟ:
ಅಂದರೆ ನಾನು ಹೇಳಿದ್ದನ್ನೇ ಉದ್ದಕ್ಕೆ ಹೇಳಿದಿರಿ.

ಸೂಜಿದಾರ:
ಇಲ್ಲ. ನೀವು ಗಿರಾಕಿಗೆ ಬೈದಿರಿ, ನಾನು ಕಸುಬಿನವರಿಗೆ ಬೈದೆ. ಗರಿ-ಹಕ್ಕಿ ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ. ಒಬ್ಬಾಕೆ ಬಂದು ಅದನ್ನೇ ಕೇಳಿದರು. ಎಷ್ಟು ಹಕ್ಕಿ ಅಂದೆ. ಮೂರು, ಹುಟ್ಟುವ ಮೊದಲೇ ಹೋದವು ಅಂದರು. ಅದಾದ ಮೇಲೆ ನಾನು ಯಾವ ಚಿತ್ರಕ್ಕೂ ನಕ್ಕಿಲ್ಲ.

ತಲೆಹರಟೆ:
ನನ್ನ ಏಳಕ್ಕೆ ಅಂಥ ಕಾರಣ ಏನೂ ಇಲ್ಲ. ಚೆನ್ನಾಗಿ ಕಂಡಿತು, ಹಾಕಿಸಿಕೊಂಡೆ. ಈಗ ಬಾಯಿ ಮುಚ್ಚಿಕೊಂಡು ಕೂರುತ್ತೇನೆ.

ಸೂಜಿದಾರ:
ಚೆನ್ನಾಗಿ ಕಂಡಿತು ಅನ್ನುವುದೂ ಕಾರಣವೇ.

ಬೂದಿಹುಣ್ಣಿಮೆ:
ಇಲ್ಲಿ ಎಲ್ಲರೂ "ಹೊರಗಿನವರು" ಅನ್ನುತ್ತಿದ್ದೀರಿ. ಯಾರ ಹೊರಗೆ? ಪೆಸಿಫಿಕ್ ದ್ವೀಪ ಸಮೋವಾದಲ್ಲಿ ಗಂಡಸರ ಹಚ್ಚೆ, ಪೆಆ ಅನ್ನುತ್ತಾರೆ, ಸೊಂಟದಿಂದ ಮೊಣಕಾಲವರೆಗೆ ಇರುತ್ತದೆ. ಹಲ್ಲಿನ ಬಾಚಣಿಗೆಯಂಥ ಸಾಧನವನ್ನು ಸುತ್ತಿಗೆಯಿಂದ ತಟ್ಟಿ ತಟ್ಟಿ ಹಾಕುತ್ತಾರೆ, ಎಷ್ಟೋ ದಿನ. ನೋವು ತಾಳದೆ ಅರ್ಧಕ್ಕೆ ಎದ್ದವನಿಗೆ "ಪೆಆ ಮುತು" ಅಂತ ಹೆಸರು, ಅದು ಅವಮಾನ. ನ್ಯೂಜಿಲೆಂಡಿನ ಮೂಲನಿವಾಸಿ ಮಾವೊರಿಗಳ ಮುಖದ ಹಚ್ಚೆ ಮೊಕೊದಲ್ಲಿ ವಂಶ, ಮನೆತನ ಎಲ್ಲ ಇರುತ್ತದೆ. ಅಲ್ಲಿ ಹಚ್ಚೆ ಇದ್ದವನೇ ಒಳಗಿನವನು. ಇಲ್ಲದವನು ಹೊರಗಿನವನು. ನಾವಿಕರು ಅಲ್ಲಿಂದ ಹೊತ್ತು ತಂದರು, ಯುರೋಪಿನ ಬಂದರಿನಲ್ಲಿ ಅದು ಪುಂಡರ ಗುರುತಾಯಿತು. ಈಗ ಆ ಪುಂಡರ ಗುರುತನ್ನು ಫ್ಯಾಶನ್ ಕಿತ್ತುಕೊಂಡಿತು ಅಂತ ಅಳುವುದು ನನಗೆ ತಮಾಷೆ. ಕದ್ದ ಮಾಲು ಮತ್ತೆ ಕಳುವಾಯಿತು ಅಂತ ದೂರು ಕೊಟ್ಟಂತೆ.

2013ರಲ್ಲಿ ನೈಕಿ ಕಂಪನಿ ಇದೇ ಪೆಆ ವಿನ್ಯಾಸವನ್ನು ಹೆಂಗಸರ ವ್ಯಾಯಾಮದ ಲೆಗ್ಗಿಂಗ್ಸ್ ಮೇಲೆ ಅಚ್ಚು ಹಾಕಿತು. ಗಂಡಸರದ್ದು, ಅದೂ ನೋವಿನಿಂದ ಗಳಿಸಬೇಕಾದ್ದು! ಜನ ರೊಚ್ಚಿಗೆದ್ದರು, ಕಂಪನಿ ಮಾಲು ವಾಪಸ್ ತಗೊಂಡಿತು. ಅದು ನಿಜವಾದ ದೂರು.

ಕವಲುಬಾಲ:
@ಬೂದಿಹುಣ್ಣಿಮೆ ಪೆಟ್ಟು ಸರಿಯಾಗಿ ಬಿತ್ತು. ಒಪ್ಪಿದೆ.

ಮಸಿಕುಡಿಕೆ:
ಅದಕ್ಕೆ ಒಂದು ಬಾಲಂಗೋಚಿ. ಫಿಲಿಪ್ಪೀನ್ಸಿನ ಕಲಿಂಗಾ ಬೆಟ್ಟದಲ್ಲಿ ವಾಂಗ್-ಒಡ್ ಅನ್ನುವ ಅಜ್ಜಿ ಇದ್ದಾರೆ. ಮುಳ್ಳು, ಮಸಿ, ಬಿದಿರು ಕೋಲು, ಇಷ್ಟೇ ಸಾಮಾನು. ಹಿಂದೆ ಯುದ್ಧ ಗೆದ್ದು ಬಂದ ಗಂಡಸರಿಗೆ ಹಾಕುತ್ತಿದ್ದ ಹಚ್ಚೆ. ಈಗ ಪ್ರವಾಸಿಗರು ಬೆಟ್ಟ ಹತ್ತಿ ಸಾಲು ನಿಲ್ಲುತ್ತಾರೆ, ಅಜ್ಜಿ ತಮ್ಮ ಸಹಿ ಅನ್ನುವಂತೆ ಮೂರು ಚುಕ್ಕೆ ಇಡುತ್ತಾರೆ. 2023ರಲ್ಲಿ, 106ನೇ ವಯಸ್ಸಿನಲ್ಲಿ, ವೋಗ್ ಪತ್ರಿಕೆಯ ಫಿಲಿಪ್ಪೀನ್ಸ್ ಆವೃತ್ತಿಯ ಮುಖಪುಟಕ್ಕೆ ಬಂದರು. ಇದು ಹಾಳಾದದ್ದಾ, ಉಳಿದದ್ದಾ? ಮೊಮ್ಮಕ್ಕಳ ಸಾಲಿನ ಹುಡುಗಿಯರು ಆ ಕಸುಬು ಕಲಿತರು. ಪ್ರವಾಸಿಗರು ಬಾರದೆ ಇದ್ದಿದ್ದರೆ ಕಲಿಯುತ್ತಿದ್ದರಾ?

ಗೊಣಗಾಟ:
ಮೂರು ಚುಕ್ಕೆಗೆ ಸಾಲು ನಿಲ್ಲುವುದನ್ನು ಉಳಿಸುವುದು ಅನ್ನುತ್ತೀರಾ! ಮ್ಯೂಸಿಯಂ ಟಿಕೆಟ್ ಅದು.

ನಿದ್ದೆಗೇಡಿ:
ವಿಷಯ ಬೇರೆ, ಕ್ಷಮಿಸಿ. ಹಚ್ಚೆ ಇದ್ದರೆ ರಕ್ತದಾನ ಮಾಡಬಾರದು ಅನ್ನುತ್ತಾರಲ್ಲ, ನಿಜವಾ?

ಲೇಸರ್‌ಕೋಣೆ:
ಹಾಕಿಸಿಕೊಂಡ ಮೇಲೆ ಕೆಲವು ತಿಂಗಳು ಕಾಯಬೇಕು, ಅಷ್ಟೇ. ಎಷ್ಟು ಅನ್ನುವುದು ದೇಶದಿಂದ ದೇಶಕ್ಕೆ ಬೇರೆ. ರಕ್ತನಿಧಿಯಲ್ಲೇ ಕೇಳಿ. ಆಮೇಲೆ ಆರಾಮಾಗಿ ಕೊಡಬಹುದು.

ಬಂದದ್ದಕ್ಕೆ ಒಂದು ಮಾತು. ನಾನು ಹಚ್ಚೆ ಅಳಿಸುವ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತೇನೆ. ಮಾರುಕಟ್ಟೆಯ ಹಿಂಬಾಗಿಲು ನೋಡಬೇಕಾದರೆ ನಮ್ಮಲ್ಲಿಗೆ ಬನ್ನಿ. ಪ್ಯೂ ಸಂಸ್ಥೆ 2023ರಲ್ಲಿ ಅಮೆರಿಕದಲ್ಲಿ ಸಮೀಕ್ಷೆ ಮಾಡಿತ್ತು. 32% ವಯಸ್ಕರಿಗೆ ಹಚ್ಚೆ ಇದೆ, ಹೆಂಗಸರಲ್ಲಿ 38%, ಗಂಡಸರಲ್ಲಿ 27%. ಹಚ್ಚೆ ಇರುವವರಲ್ಲಿ ಸುಮಾರು ಕಾಲು ಭಾಗ ಜನಕ್ಕೆ ಒಂದಾದರೂ ಹಚ್ಚೆ ಬಗ್ಗೆ ಪಶ್ಚಾತ್ತಾಪ.

ಜನ ಅಂದುಕೊಳ್ಳುವುದು ಲೇಸರ್ ಅಂದರೆ ರಬ್ಬರು ಅಂತ. ಅಲ್ಲ. ಲೇಸರ್ ಮಸಿಯ ಕಣವನ್ನು ಒಡೆಯುತ್ತದೆ, ಸಾಗಿಸುವುದು ದೇಹದ ಕೆಲಸ. ನಮ್ಮ ಚರ್ಮದಲ್ಲಿ ಕಸ ನುಂಗುವ ಜೀವಕೋಶಗಳಿವೆ. ಮಸಿಯನ್ನು ಅವು ನುಂಗುತ್ತವೆ, ಕರಗಿಸಲು ಆಗುವುದಿಲ್ಲ, ಹಾಗೇ ಹಿಡಿದುಕೊಂಡು ಕೂರುತ್ತವೆ. ಆ ಕೋಶ ಸತ್ತರೆ ಹೊಸ ಕೋಶ ಬಂದು ಅದೇ ಮಸಿಯನ್ನು ಮತ್ತೆ ನುಂಗುತ್ತದೆ. ಫ್ರಾನ್ಸಿನ ಸಂಶೋಧಕರು 2018ರಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿದರು. ಹಚ್ಚೆ ಸುಮ್ಮನೆ ಬಿದ್ದಿರುವ ಬಣ್ಣ ಅಲ್ಲ, ಕೈಯಿಂದ ಕೈಗೆ ದಾಟುತ್ತಾ ಇರುತ್ತದೆ. ಅದಕ್ಕೇ ಎಷ್ಟೋ ಸಲ ಬರಬೇಕು. ಕಪ್ಪು ಬೇಗ ಹೋಗುತ್ತದೆ, ಹಸಿರು ಹಳದಿ ಜಗ್ಗುವುದಿಲ್ಲ.

ಒಂದೇಸಾಲು:
ಅಂದರೆ ನನ್ನ ಹಳೆ ಪ್ರೇಮಿಯ ಹೆಸರನ್ನು ನನ್ನ ಜೀವಕೋಶಗಳು ತಲೆಮಾರಿನಿಂದ ತಲೆಮಾರಿಗೆ ಕಾಪಾಡುತ್ತಿವೆ. ದ್ರೋಹಿಗಳು.

ತಲೆಹರಟೆ:
ಇವತ್ತು ಒಂದೇ ಸಾಲಲ್ಲ, ಎರಡು ಬರೆದಿದ್ದೀರಿ. ಗಾಯ ಆಳವಿದೆ.

ನಿದ್ದೆಗೇಡಿ:
ತಪ್ಪು ಬರೆಸಿಕೊಂಡವರ ಕತೆ ಬೇರೆ. ಗಾಯಕಿ ಅರಿಯಾನಾ ಗ್ರಾಂಡೆ 2019ರಲ್ಲಿ ತನ್ನ ಹಾಡಿನ ಹೆಸರನ್ನು ಜಪಾನಿ ಅಕ್ಷರದಲ್ಲಿ ಅಂಗೈಗೆ ಹಾಕಿಸಿಕೊಂಡಳು. ನೋವು ಅಂತ ನಡುವಿನ ಅಕ್ಷರ ಬಿಟ್ಟಳು. ಉಳಿದದ್ದರ ಅರ್ಥ ಇದ್ದಿಲಿನ ಪುಟ್ಟ ಒಲೆ!

ಪದಕೋಶ:
ಅರ್ಧಕ್ಕೆ ಎದ್ದವರಿಗೆ ಸಮೋವಾದಲ್ಲಿ ಏನೋ ಹೆಸರಿತ್ತಲ್ಲ.

ಅರೆಬೆಳಕು:
ಎಲ್ಲರೂ ನಗುತ್ತಿದ್ದೀರಿ, ನಗಿ. ಆದರೆ "ಈಗ ಹಚ್ಚೆಗೆ ಯಾರೂ ಬೆಲೆ ತೆರಬೇಕಾಗಿಲ್ಲ" ಅನ್ನುವ ಮಾತು ಮಾತ್ರ ಒಪ್ಪುವುದಿಲ್ಲ. ಕವಲುಬಾಲ ಅವರೇ, ನೀವು ನೇರ ಹಾಗೆ ಬರೆದಿಲ್ಲ, ಆದರೆ ಧಾಟಿ ಅದೇ.

2025ರ ಮಾರ್ಚಿನಲ್ಲಿ ಅಮೆರಿಕ 200ಕ್ಕೂ ಹೆಚ್ಚು ವೆನಿಜುವೆಲಾದವರನ್ನು ಗ್ಯಾಂಗಿನವರು ಅಂತ ಎಲ್ ಸಾಲ್ವಡೋರಿನ ಸೆಕಾಟ್ ಜೈಲಿಗೆ ಸಾಗಿಸಿತು. ಎಷ್ಟೋ ಜನರ ವಿಷಯದಲ್ಲಿ ಹಚ್ಚೆಯನ್ನೇ ಪುರಾವೆ ಮಾಡಿಕೊಂಡರು ಅಂತ ಮನೆಯವರು, ವಕೀಲರು ಹೇಳಿದರು. ಅವರಲ್ಲಿ ಒಬ್ಬ ಫುಟ್‌ಬಾಲ್ ಆಟಗಾರ. ತೋಳಿನ ಮೇಲೆ ಚೆಂಡು, ಅದರ ಮೇಲೆ ಕಿರೀಟ. ಅದು ರಿಯಲ್ ಮ್ಯಾಡ್ರಿಡ್ ಕ್ಲಬ್ಬಿನ ಲಾಂಛನ ನೋಡಿ ಹಾಕಿಸಿದ್ದು ಅಂತ ಅವನ ವಕೀಲರು ಬರೆದುಕೊಟ್ಟರು. ಅದೇ ಕಿರೀಟ ನಿಮ್ಮ ಎಚ್‌ಆರ್ ಮ್ಯಾನೇಜರ್ ಕೈಮೇಲೆ ಇದ್ದರೆ "ಓ, ಫುಟ್‌ಬಾಲ್ ಇಷ್ಟವಾ?" ಅನ್ನುತ್ತಾರೆ.

ಹಚ್ಚೆ ಎಲ್ಲರದೂ ಆಗಿಲ್ಲ. ಚಿತ್ರ ಮಾತ್ರ ಎಲ್ಲರದೂ ಆಗಿದೆ. ಅನುಮಾನ ಈಗಲೂ ಅದೇ ಜನರ ಮೇಲೆ.

ಮಸಿಕುಡಿಕೆ:
@ಅರೆಬೆಳಕು ಈ ಇಡೀ ಚರ್ಚೆಯಲ್ಲಿ ಸರಿಯಾಗಿ ಗುರಿಗೆ ತಾಗಿದ ಮಾತು. ಹಚ್ಚೆಯನ್ನು ಪೊಲೀಸರು ಓದುವುದು ಹಳೆಯ ಚಾಳಿ. ಎಡೋ ಕಾಲದ, ಅಂದರೆ 1868ಕ್ಕೆ ಮುಂಚಿನ ಜಪಾನಿನಲ್ಲಿ ಕಳ್ಳರಿಗೆ ತೋಳಿನ ಮೇಲೋ ಹಣೆಯ ಮೇಲೋ ಶಿಕ್ಷೆಯಾಗಿ ಹಚ್ಚೆ ಹಾಕುತ್ತಿದ್ದರು. ಅದನ್ನು ಮುಚ್ಚಲು ಮೇಲೆ ಚೆಂದದ ಚಿತ್ರ ಹಾಕಿಸಿಕೊಂಡವರೂ ಇದ್ದರು. 1827ರ ಹೊತ್ತಿಗೆ ಕುನಿಯೋಶಿ ಎಂಬ ಕಲಾವಿದ ಮೈತುಂಬ ಹಚ್ಚೆ ಇರುವ ವೀರರ ಮುದ್ರಣ ಚಿತ್ರಗಳನ್ನು ಮಾಡಿದ. ಬೆಂಕಿ ಆರಿಸುವವರು, ಕೂಲಿಗಳು ಅದನ್ನು ನೋಡಿ ಬೆನ್ನಿಗೆ ಹಾಕಿಸಿಕೊಂಡರು. 1872ರಲ್ಲಿ ಸರ್ಕಾರ ನಿಷೇಧಿಸಿತು, ತೆಗೆದದ್ದು 1948ರಲ್ಲಿ. ಈ ನಡುವೆ ಅದು ಯಾಕುಜಾ ಎಂಬ ಅಪರಾಧಿ ಗ್ಯಾಂಗುಗಳ ಗುರುತಾಗಿ ಉಳಿಯಿತು. ಎಷ್ಟೋ ಸಾರ್ವಜನಿಕ ಸ್ನಾನಗೃಹಗಳಲ್ಲಿ ಇವತ್ತಿಗೂ ಹಚ್ಚೆ ಇದ್ದರೆ ಒಳಗೆ ಬಿಡುವುದಿಲ್ಲ. 2013ರಲ್ಲಿ ಮುಖದ ಮೇಲೆ ಮೊಕೊ ಇದ್ದ ಮಾವೊರಿ ಹೆಂಗಸನ್ನೇ ಹೊಕ್ಕೈಡೋದಲ್ಲಿ ವಾಪಸ್ ಕಳಿಸಿದ್ದರು.

ಸೂಜಿದಾರ:
ಜಪಾನಿನಲ್ಲಿ ನಮ್ಮವರ ಗೋಳು ಇನ್ನೊಂದು. ಹಚ್ಚೆ ಹಾಕುವುದು ವೈದ್ಯರ ಕೆಲಸ, ಡಾಕ್ಟರ್ ಲೈಸೆನ್ಸ್ ಬೇಕು ಅಂತ ಒಸಾಕಾದ ಒಬ್ಬ ಹಚ್ಚೆಗಾರನ ಮೇಲೆ ಕೇಸು. ಕೆಳ ಕೋರ್ಟು ದಂಡ ಹಾಕಿತು. ಅವನು ಬಿಡದೆ ಹೈಕೋರ್ಟಿಗೆ ಹೋಗಿ ಗೆದ್ದ, ಆಮೇಲೆ ಸರ್ಕಾರದ ವಕೀಲರು ಸುಪ್ರೀಂ ಕೋರ್ಟಿಗೆ ಒಯ್ದರು. 2020ರಲ್ಲಿ ಅಲ್ಲೂ ಇದು ವೈದ್ಯಕೀಯ ಕೆಲಸ ಅಲ್ಲ ಅಂತ ತೀರ್ಪು. ದಕ್ಷಿಣ ಕೊರಿಯಾದಲ್ಲಿ 1992ರ ತೀರ್ಪಿನಿಂದ ಅದೇ ಕಾಟ. ಹೊಸ ಕಾನೂನು ಪಾಸಾದದ್ದು 2025ರಲ್ಲಿ. ಅಷ್ಟು ವರ್ಷ ಅಲ್ಲಿನ ಹೆಸರುವಾಸಿ ಕಲಾವಿದರೂ ಕಾನೂನಿನ ಲೆಕ್ಕದಲ್ಲಿ ಅಪರಾಧಿಗಳೇ. ಲೋಕವೆಲ್ಲ ಮೆಚ್ಚುವ ಗೆರೆ, ಬಾಗಿಲಿಗೆ ಬೋರ್ಡ್ ಹಾಕುವಂತಿಲ್ಲ.

ಗೊಣಗಾಟ:
ಸರಿ ಸರಿ, ಅರ್ಧ ಸೋತೆ. ಆದರೆ ಅಮೆರಿಕದ ಹಚ್ಚೆಗಾರ ಡಾನ್ ಎಡ್ ಹಾರ್ಡಿ ಬಗ್ಗೆ ಏನು ಹೇಳುತ್ತೀರಿ? 1973ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ಹಚ್ಚೆಗಾರ ಹೊರಿಹಿದೆ ಹತ್ತಿರ ಕಲಿತ ಮನುಷ್ಯ. 1974ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಂಗಡಿ ತೆಗೆದ. ಗೋಡೆಯ ಚಿತ್ರಕ್ಕೆ ಬೆರಳು ತೋರಿಸುವಂತಿಲ್ಲ, ಕೂತು ಮಾತಾಡಿ ನಿಮಗಾಗಿ ಬರೆಸಿಕೊಳ್ಳಬೇಕು. ಹಚ್ಚೆಯನ್ನು ಕಲೆ ಅನ್ನಿಸಿದವನು. ಕೊನೆಗೆ ಅವನ ಹೆಸರು ಏನಾಯಿತು? ಮಿಂಚುವ ಟೀಶರ್ಟು, ಟೋಪಿ, ಸೆಂಟು!

ಮಸಿಕುಡಿಕೆ:
ಸೇಲರ್ ಜೆರ್ರಿ ಹೆಸರು ರಮ್ ಬಾಟಲಿಯ ಮೇಲಿದೆ. ಜೆರ್ರಿ ಅಂದರೆ ಹವಾಯಿಯ ಹೊನೊಲುಲುವಿನ ಹೋಟೆಲ್ ಬೀದಿಯಲ್ಲಿ ನಾವಿಕರಿಗೆ ಹಚ್ಚೆ ಹಾಕುತ್ತಿದ್ದ ನಾರ್ಮನ್ ಕಾಲಿನ್ಸ್. 1973ರಲ್ಲಿ ತೀರಿಕೊಂಡ. ಅವನ ಕಾಲದಲ್ಲೇ ಸೂಜಿ, ಸಾಮಾನು ಶುದ್ಧವಾಗಿರಬೇಕು ಅಂತ ಹಟ ಹಿಡಿದವನು. ಬಾಟಲಿ ಮೇಲೆ ಆ ಮಾತು ಇಲ್ಲ.

ಬೆಳ್ಳಿಚುಕ್ಕಿ:
ಇದುವರೆಗೆ ಓದುತ್ತಾ ಕೂತಿದ್ದೆ. ಬರೆಯಲೋ ಬೇಡವೋ ಅಂತ.

ನನಗೆ ಸ್ತನ ಕ್ಯಾನ್ಸರ್ ಆಗಿತ್ತು. ಆಪರೇಷನ್ ಆಯಿತು, ಮತ್ತೆ ಕಟ್ಟಿದರು. ಆದರೆ ಅಲ್ಲಿ ಬರೀ ಒಂದು ಉಬ್ಬು, ಮೇಲೆ ಒಂದು ಗೆರೆ. ಕನ್ನಡಿ ಮುಂದೆ ಬಟ್ಟೆ ಬದಲಿಸುವುದನ್ನೇ ಬಿಟ್ಟಿದ್ದೆ. ಹಚ್ಚೆ ಹಾಕುವ ಒಬ್ಬ ಹೆಂಗಸು ಮೊಲೆತೊಟ್ಟಿನ ಚಿತ್ರ ಹಾಕಿಕೊಟ್ಟಳು. ಚಪ್ಪಟೆ ಚರ್ಮದ ಮೇಲೆ ನೆರಳು-ಬೆಳಕು ಕೂರಿಸಿ, ಮುಂದೆ ಬಂದಂತೆ ಕಾಣುವ ಹಾಗೆ. ಆರೇಳು ಬಣ್ಣ ಬೆರೆಸಿ, ಇನ್ನೊಂದು ಕಡೆಯದಕ್ಕೆ ಹೋಲಿಸಿ ಹೋಲಿಸಿ ನೋಡಿದಳು. ಗಾಯದ ಕಲೆ ಇದ್ದ ಕಡೆ ಮುಟ್ಟಿದ್ದೇ ಗೊತ್ತಾಗಲಿಲ್ಲ, ಅಂಚಿಗೆ ಬಂದಾಗ ಮಾತ್ರ ಚುರ್ ಅಂದಿತು. ಆ ಚುರುಕಿಗೆ ಅತ್ತುಬಿಟ್ಟೆ, ಅಲ್ಲಿ ಇನ್ನೂ ಜೀವ ಇದೆ ಅಂತ.

ಕೋಣೆ ಸ್ವಚ್ಛವಾಗಿತ್ತು, ಗೋಡೆ ಬಿಳಿ, ಮೆತ್ತಗಿನ ಸಂಗೀತ. ನಿಮ್ಮ ಭಾಷೆಯಲ್ಲಿ ಪೂರ್ತಿ ಕಮರ್ಷಿಯಲ್. ಆ ಸಿಗರೇಟಿನವನ ಕೋಣೆಗೆ ನಾನು ಯಾವತ್ತೂ ಹೋಗುತ್ತಿರಲಿಲ್ಲ.

ಗೊಣಗಾಟ:
@ಬೆಳ್ಳಿಚುಕ್ಕಿ ಉಳಿದರ್ಧವೂ ಸೋತೆ. ನೀವು ಬರೆದದ್ದು ಒಳ್ಳೆಯದಾಯಿತು.

ಕವಲುಬಾಲ:
@ಬೆಳ್ಳಿಚುಕ್ಕಿ ಎರಡು ಸಲ ಓದಿದೆ. ನಿಮ್ಮ ಮುಂದೆ ನನ್ನ ವಾಚಿನ ಕತೆ ಸಣ್ಣದು.

ಆದರೂ ಒಂದು ತಪ್ಪೊಪ್ಪಿಗೆ. ನಾನು ಆ ಹಕ್ಕಿ ಹಾಕಿಸಿಕೊಂಡದ್ದು ಬಂಡಾಯಕ್ಕೆ ಅಲ್ಲ. ಗೆಳೆಯರು ಹಾಕಿಸಿಕೊಂಡರು, ನಾನೂ ಹಾಕಿಸಿಕೊಂಡೆ. ಬಂಡಾಯಗಾರ ಅಂತ ಮಾಡಿದ್ದು ಆ ಇಂಟರ್‌ವ್ಯೂನವರು. ಆಮೇಲೆ ಅದೇ ಹೆಸರು ನನಗೂ ಹಿತವಾಯಿತು. ಕೆಲಸ ಸಿಗದವನಿಗೆ ಏನಾದರೂ ಒಂದು ಬೇಕಲ್ಲ. ಮೊನ್ನೆ ಎಚ್‌ಆರ್ ಮ್ಯಾನೇಜರ್ ನಕ್ಕಾಗ ಅದನ್ನೇ ಯಾರೋ ಕಿತ್ತುಕೊಂಡ ಹಾಗಾಯಿತು.

ತಲೆಹರಟೆ:
ಅಂಬರಗುಬ್ಬಿ ಅಂದರೆ ಐದು ಸಾವಿರ ನಾಟಿಕಲ್ ಮೈಲಿ ಹಡಗಿನಲ್ಲಿ ಹೋದವರಿಗೆ ಮಾತ್ರ ಅಂತ ನಾವಿಕರ ಸಂಪ್ರದಾಯ ಇದೆಯಂತೆ. ನೀವು ಎಷ್ಟು ಹೋಗಿದ್ದೀರಿ?

ಕವಲುಬಾಲ:
ದೋಣಿ ಹತ್ತಿದರೆ ವಾಂತಿ.

ಒಂದೇಸಾಲು:
ಹಾಗಾದರೆ ನೀವೂ ಗರಿ-ಹಕ್ಕಿ ಗಿರಾಕಿಯೇ.

ಸೂಜಿದಾರ:
ಹಕ್ಕಿ ಈಗ ಹೇಗಿದೆ? 22 ವರ್ಷ ಅಂದರೆ ಗೆರೆ ದಪ್ಪ ಆಗಿರಬೇಕು.

ಕವಲುಬಾಲ:
ಬಾಲದ ಕವಲು ಕೂಡಿಕೊಂಡುಬಿಟ್ಟಿದೆ. ರೆಕ್ಕೆಯ ಒಳಗೆರೆ ಎಲ್ಲ ಒಂದೇ ನೀಲಿ ಮುದ್ದೆ. ಮಗಳು ಚಿಕ್ಕವಳಿದ್ದಾಗ ಮೀನು ಅಂತಲೇ ಕರೆಯುತ್ತಿದ್ದಳು. ನಾನು ತಿದ್ದಲಿಲ್ಲ.

ಪದಕೋಶ:
ನೀಲಿ ಅಲ್ಲ, ಪಚ್ಚೆ.

ಸೂಜಿದಾರ:
ಸರಿ ಮಾಡಬಹುದು. ರೆಕ್ಕೆ ಮುಟ್ಟುವುದು ಬೇಡ. ಬಾಲದ ಹೊರಗೆರೆ ಎರಡನ್ನು ಸ್ವಲ್ಪ ಉದ್ದಕ್ಕೆ ಎಳೆದರೆ ಕವಲು ಮತ್ತೆ ಕಾಣುತ್ತದೆ. ಅರ್ಧ ಗಂಟೆ ಕೆಲಸ. ಯಾರ ಹತ್ತಿರ ಹೋದರೂ ಹೊಸ ಸೂಜಿಯ ಪ್ಯಾಕೆಟ್ಟನ್ನು ನಿಮ್ಮ ಎದುರೇ ಒಡೆಯಲು ಹೇಳಿ.

ಕವಲುಬಾಲ:
ಈಗ ಮಗಳನ್ನು ಕೇಳಿದೆ. "ಮೀನನ್ನು ಯಾಕಪ್ಪಾ ಹಾಳು ಮಾಡುತ್ತೀಯಾ?" ಅಂದಳು.

ತಲೆಹರಟೆ:
ಹೆಸರು ಬದಲಿಸಿಕೊಳ್ಳಿ ಮತ್ತೆ. ಕವಲುಬಾಲ ಅಂತ ಇನ್ನೆಷ್ಟು ದಿನ?